ಗೋಣಿತಾಟಿನ ಹಿಂದಿನ ಹದ

ಈಚೆಗೆ ಕತ್ತಿ ಮಾಡುವ ಕೆಲಸಕ್ಕೆ ಓದಿದವರೂ ಬರುತ್ತಿದ್ದಾರೆ. ಕರೆಂಟಿನ ಗ್ರೈಂಡರು, ಗ್ಯಾಸಿನ ಒಲೆ, ಕಾವು ಅಳೆಯುವ ಮೀಟರು ಎಲ್ಲವೂ ಅವರ ಹತ್ತಿರ ಇವೆ. ಆದರೂ ಅರಸೀಕೆರೆಯಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದು, ನಿಮ್ಮ ಕಾಲದ ಗುಟ್ಟು ಏನಿತ್ತು ಹೇಳಿ ಎನ್ನುತ್ತಾರೆ. ಕೈ ನಡುಗಲು ಶುರುವಾದ ಮೇಲೆ ನಾನು ಸುತ್ತಿಗೆ ಕೆಳಗಿಟ್ಟು ಮೂರು ವರ್ಷವಾಯಿತು. ಬಾಯಿ ಮಾತ್ರ ನಡುಗುವುದಿಲ್ಲ, ಅದಕ್ಕೇ ಹೇಳುತ್ತೇನೆ. ಗುಟ್ಟು ಇದ್ದದ್ದು ಒಂದೇ. ಅದನ್ನು ಕಂಡುಕೊಂಡವನು ನಾನಲ್ಲ, ನಂಜುಂಡ. ಅವನನ್ನು ಕಂಡರೆ ನನಗೆ ನಲವತ್ತು ವರ್ಷ ಹೊಟ್ಟೆಕಿಚ್ಚಿತ್ತು. ಇತ್ತು ಎಂದೆನಲ್ಲ, ಇದೆ ಎನ್ನುವುದೇ ಸರಿ.

ನಂಜುಂಡ ಹಾರನಹಳ್ಳಿಯವನು. ನಾನೂ ಅವನೂ ಒಟ್ಟಿಗೆ ನಮ್ಮಪ್ಪನ ಕೈಕೆಳಗೆ ಕೆಲಸ ಕಲಿತವರು. ಅಪ್ಪನ ಕುಲುಮೆ ಮನೆಯ ಹಿಂದಿನ ಕೊಟ್ಟಿಗೆಯಲ್ಲಿತ್ತು. ಕಿಟಕಿಯಿಲ್ಲದ ಕೊಟ್ಟಿಗೆ, ಮಧ್ಯಾಹ್ನವೂ ಕತ್ತಲು. ಒಬ್ಬ ತಿದಿ ಒತ್ತಬೇಕು, ಇನ್ನೊಬ್ಬ ಸುತ್ತಿಗೆ ಹಿಡಿಯಬೇಕು. ನಮ್ಮ ಸೀಮೆಯಲ್ಲಿ ತೆಂಗಿನ ಚಿಪ್ಪಿಗೆ ಬರವಿಲ್ಲ, ಹಾಗಾಗಿ ನಮ್ಮದು ಚಿಪ್ಪಿನ ಇದ್ದಿಲು. ನೂರಕ್ಕೆ ತೊಂಬತ್ತು ಪಾಲು ಕೆಲಸವೂ ತೆಂಗಿನದ್ದೇ: ಕಾಯಿ ಕೀಳುವವರ ಕುಡುಗೋಲು, ಎಳನೀರು ಕೆತ್ತುವ ಮಚ್ಚು, ಮನೆಗಳ ಈಳಿಗೆ ಮಣೆ.

ಅರಸೀಕೆರೆ ರೈಲ್ವೆ ಜಂಕ್ಷನ್ ಆದ್ದರಿಂದ ಗಿರಾಕಿಗಳಿಗೆಲ್ಲ ರೈಲಿನ ಕಬ್ಬಿಣದ ಮಚ್ಚೇ ಬೇಕು. ರೈಲಿನದಾದರೆ ಮೂರು ತಲೆಮಾರು ಬಾಳುತ್ತದೆ ಎಂದು ಅವರ ನಂಬಿಕೆ. ನಾವು ಬಳಸುತ್ತಿದ್ದದ್ದು ಹಳೆಯ ಲಾರಿಗಳ ಅಡಿಯ ಕಮಾನು ಪಟ್ಟಿ. ಯಾರಾದರೂ "ರೈಲಿಂದೇ ತಾನೆ ಆಚಾರ್ರೇ?" ಎಂದು ಕೇಳಿದರೆ ಅಪ್ಪ ತಲೆ ಎತ್ತದೆ, "ಓಡಾಡಿದ ಗಾಡೀದೇ, ತಗಂಡೋಗಿ" ಎನ್ನುತ್ತಿದ್ದ. ಸುಳ್ಳು ಹೇಳಿದನೆಂದು ಅವನ ಮೇಲೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಆ ಎಚ್ಚರ ನನಗೆ ಬರಲಿಲ್ಲ, ಅದು ಮುಂದೆ ಗೊತ್ತಾಗುತ್ತದೆ.

ಒಂದು ಅಮಾವಾಸ್ಯೆ ದಿನ, ಅವತ್ತು ನಾವು ಕುಲುಮೆ ಹೊತ್ತಿಸುವುದಿಲ್ಲ, ಅಪ್ಪ ನಮ್ಮಿಬ್ಬರನ್ನೂ ಹಳೇಬೀಡಿಗೆ ಕರೆದುಕೊಂಡು ಹೋದ. ದೇವಸ್ಥಾನದ ಗೋಡೆಯಲ್ಲಿ ಜನರೆಲ್ಲ ದೇವರನ್ನೂ ಆನೆಗಳನ್ನೂ ನೋಡಿದರೆ ಅಪ್ಪ ಸಿಪಾಯಿಗಳ ಸೊಂಟದ ಬಾಕು ತೋರಿಸುತ್ತಾ ಹೋದ. ಇದರ ಬೆನ್ನು ದಪ್ಪ, ಇದರ ಹಿಡಿ ಚಿಕ್ಕದು, ಇದನ್ನು ಕೆತ್ತಿದವನು ಕತ್ತಿ ಹಿಡಿದು ನೋಡಿಲ್ಲ, ಹೀಗೆ. ಆಮೇಲೆ ಪಕ್ಕದ ಬಸ್ತಿಹಳ್ಳಿಯ ಬಸದಿಗೆ ಹೋದೆವು. ಅಲ್ಲಿನ ಕಲ್ಲಿನ ಕಂಬಗಳಿಗೆ ಎಂಥ ನಯ ಕೊಟ್ಟಿದ್ದಾರೆಂದರೆ ಎದುರು ನಿಂತವರ ಮುಖ ಕಾಣುತ್ತದೆ. ನನ್ನ ಮುಖ ಉದ್ದವಾಗಿ ಕಂಡಿತು. ನಾನು ನಗುತ್ತಾ ಕ್ರಾಪು ತೀಡಿಕೊಂಡೆ. ನಂಜುಂಡ ಕಂಬವನ್ನು ಅಂಗೈಯಲ್ಲಿ ಸವರಿ, "ಇದ್ನ ಯಾವುದ್ರಲ್ಲಿ ಉಜ್ಜಿರಬೋದು ಮಾವ?" ಎಂದು ಕೇಳಿದ.

ಅಪ್ಪ ನನ್ನ ಕಡೆ ತಿರುಗಿದ. "ನೋಡ್ಲಾ ಈರ, ಕೇಳಿದ್ರೆ ಅಂಥದ್ನ ಕೇಳ್ಬೇಕು. ನೀನು ಮದುವೆ ಗಂಡಿನಂಗೆ ಮುಖ ನೋಡ್ಕಂಡು ನಿಂತಿದೀಯ."

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವರಿಬ್ಬರ ಜೊತೆ ಕೂರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಅಪ್ಪನ ತೋಳು ನಂಜುಂಡನ ಹೆಗಲ ಮೇಲಿದ್ದುದನ್ನು ಅರಸೀಕೆರೆ ಬರುವವರೆಗೂ ನೋಡಿದೆ. ನನ್ನ ವೃತ್ತಿಜೀವನ ಶುರುವಾದದ್ದು ಅಲ್ಲಿಂದ ಎಂದು ಈಗ ಅನಿಸುತ್ತದೆ.

ಅಪ್ಪ ತೀರಿಕೊಂಡ ಮೇಲೆ ನಂಜುಂಡ ಹಾರನಹಳ್ಳಿಯಲ್ಲಿ ಸ್ವಂತ ಕುಲುಮೆ ಹಾಕಿದ. ನಾನು ಕೊಟ್ಟಿಗೆ ಬಿಟ್ಟು ದೊಡ್ಡ ರಸ್ತೆಗೆ ಬಂದೆ. ಮೂರು ಕಡೆ ತೆರೆದ ಶೀಟಿನ ಶೆಡ್ಡು, ಕರೆಂಟಿನ ಬ್ಲೋವರು, ಗೂಟಗಳಿಗೆ ತೂಗುಹಾಕಿದ ಮಚ್ಚುಗಳು. ಬೆಳಗಿನಿಂದ ಸಂಜೆಯವರೆಗೂ ಬಿಸಿಲು ಶೆಡ್ಡಿನೊಳಗೇ ಬಂದು ಕೂರುತ್ತಿತ್ತು. ಬಸ್ಸಿನಲ್ಲಿ ಹೋಗುವವರಿಗೂ ನನ್ನ ಕೆಲಸ ಕಾಣಬೇಕು ಎಂಬುದು ನನ್ನ ಆಸೆ. ನಂಜುಂಡನಾದರೋ ಒಂದು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಬಾಗಿಲಿಗೆ ಹಳೆಯ ಗೋಣಿತಾಟು ಇಳಿಬಿಟ್ಟಿದ್ದ. ಒಳಗೆ ಏನು ಮಾಡುತ್ತಾನೋ ಯಾರಿಗೂ ಕಾಣುತ್ತಿರಲಿಲ್ಲ. ಗಿರಾಕಿಗಳು ಹೊರಗೆ ಜಗಲಿಯ ಮೇಲೆ ಕಾಯಬೇಕು. ಅಂಥವನ ಹತ್ತಿರ ಯಾರು ಹೋಗುತ್ತಾರೆ ಎಂದುಕೊಂಡಿದ್ದೆ. ಎಲ್ಲರೂ ಹೋದರು.

ಮರ ಹತ್ತುವವರು ಮೊದಲು ಹೋದರು. ಅವರು ಬಿಟ್ಟರೆ ಕತ್ತಿ ಮಾಡುವವನ ಕಥೆ ಮುಗಿದ ಹಾಗೆ. ಮರದ ತುದಿಯಲ್ಲಿ ಒಂದು ಕೈಯಲ್ಲಿ ಹಿಡಿದು ಬೀಸುವ ಕುಡುಗೋಲಿನ ಗುಣ ಅವರಿಗೆ ತಿಳಿದಷ್ಟು ನಮಗೂ ತಿಳಿಯುವುದಿಲ್ಲ. ನನ್ನ ಕುಡುಗೋಲಿನ ಬಾಯಿ ಹಲ್ಲು ಉದುರಿದ ಹಾಗೆ ಚಕ್ಕೆ ಏಳುತ್ತಿತ್ತು. ನಾನು ಕಬ್ಬಿಣವನ್ನು ಬೈದೆ. ಗುಜರಿಯವನನ್ನು ಬೈದೆ. ಬೋರ್‌ವೆಲ್ ನೀರು ಗಡಸು, ಅದಕ್ಕೇ ಹೀಗೆ ಎಂದುಕೊಂಡು ಹಾರನಹಳ್ಳಿಯಿಂದ ಟೆಂಪೋದಲ್ಲಿ ಎರಡು ಡ್ರಮ್ಮು ನೀರು ತರಿಸಿದೆ, ನಂಜುಂಡನ ಬೀದಿಯ ನಲ್ಲಿಯದೇ ನೀರು. ಹದ ಬರಲೆಂದು ಕಾದ ಕತ್ತಿಯನ್ನು ಅದರಲ್ಲಿ ಅದ್ದಿದೆ. ಚಕ್ಕೆ ಏಳುವುದು ನಿಲ್ಲಲಿಲ್ಲ.

ನನ್ನ ಹೆಂಡತಿ ಗೌರಮ್ಮ ಡ್ರಮ್ಮು ನೋಡಿ, "ಅವರ ಮನೆ ನೀರು ತಂದ್ರೆ ಅವರ ಕೈ ಬತ್ತದಾ? ನಿಮ್ಮ ಕಣ್ಣು ಕತ್ತಿ ಮೇಲೆ ಇಲ್ಲ, ಹಾರನಳ್ಳಿ ಮೇಲೆ ಐತೆ" ಎಂದಳು. ಆ ನೀರನ್ನು ಅವಳು ಬಟ್ಟೆ ಒಗೆಯಲು ಬಳಸಿದಳು.

ನಡುವೆ ಬೇಲೂರಿನ ಒಂದು ಪ್ರಸಂಗ ಹೇಳಬೇಕು, ನಿಮಗೂ ಇಂಥ ಆಸೆ ಬರುತ್ತದೆ. ದೇವಸ್ಥಾನದ ಹತ್ತಿರ ಬಳಪದ ಕಲ್ಲಿನ ಬೊಂಬೆ ಮಾರುವ ಅಂಗಡಿಯವರೊಬ್ಬರು, ಪ್ರವಾಸಿಗಳಿಗೆ ಮಾರಲು ಚಿಕ್ಕ ಚಾಕು ಮಾಡಿಕೊಡಿ, ಹಿಡಿಯ ಮೇಲೆ ಹೊಯ್ಸಳರ ಸಿಂಹ ಇರಲಿ ಎಂದರು. ಇದು ನಂಜುಂಡನಿಗೆ ದಕ್ಕುವ ಕೆಲಸವಲ್ಲ ಎಂದು ಹಿಗ್ಗಿದೆ. ತಿಂಗಳುಗಟ್ಟಲೆ ಕೂತು ಹಿತ್ತಾಳೆ ಹಿಡಿಯ ಮೇಲೆ ಸಿಂಹ, ಸಿಂಹದ ಎದುರು ಕತ್ತಿ ಎತ್ತಿದ ಸಳ, ಅವನ ಜುಟ್ಟು, ಎಲ್ಲ ಕೊರೆದೆ. ಅಲಗಿಗೆ ಸಾಣೆ ಹಿಡಿಯಲು ಪುರುಸೊತ್ತಾಗಲಿಲ್ಲ. ಜನ ಕೊಂಡದ್ದೂ ಹೌದು. ಆದರೆ ವಿಮಾನದಲ್ಲಿ ಹೋಗುವವರು ಕೈಚೀಲದಲ್ಲಿಟ್ಟುಕೊಂಡು ಹೋಗಿ ತಪಾಸಣೆಯಲ್ಲಿ ಸಿಕ್ಕಿಬಿದ್ದರಂತೆ. ಅಂಗಡಿಯವರಿಗೆ ಫೋನಿನ ಮೇಲೆ ಫೋನು. ಉಳಿದ ಚಾಕುಗಳನ್ನು ಅವರು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತಂದುಕೊಟ್ಟು, "ಆಚಾರ್ರೇ, ಪೊಲೀಸ್ನೋರು ಹಿಡ್ಕಂಡ್ರು ಅನ್ನೋದ್ಕಿಂತ, ಸೀಬೇಹಣ್ಣು ಕುಯ್ಯಲ್ಲ ಅಂತಾರಲ್ಲ, ಅದು ನಂಗೆ ಬೇಜಾರು" ಎಂದರು.

ಅವತ್ತೇ ಹಳೇಬೀಡಿಗೆ ಬೇರೆ ಕೆಲಸಕ್ಕೆ ಹೋದವನು ಬಾಯಾರಿ ಒಂದು ಎಳನೀರು ಕೇಳಿದೆ. ಮಾರುವ ಹೆಂಗಸು ಮೂರೇ ಏಟಿಗೆ ಕೆತ್ತಿ ಕೊಟ್ಟಳು. ಮಚ್ಚಿನ ಮೇಲೆ ನಂಜುಂಡನ ಗುರುತು. ಪಕ್ಕದವನ ಮಚ್ಚಿನ ಮೇಲೂ ಅದೇ. ಸಾಲಿನಲ್ಲಿ ಏಳು ಗಾಡಿ ಇದ್ದವು, ಏಳಕ್ಕೂ ಹೋಗಿ ನೋಡಿದೆ. ಜನ ಎಲ್ಲೆಲ್ಲಿಂದಲೋ ಬಂದು ದೇವಸ್ಥಾನ ನೋಡುತ್ತಿದ್ದರು, ನಾನು ಅದಕ್ಕೆ ಬೆನ್ನು ಹಾಕಿ ಮಚ್ಚು ಎಣಿಸುತ್ತಿದ್ದೆ. ಅವನ ಕೈ ಮುರಿಯಬಾರದೇ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಹೇಳುತ್ತೇನೆ ಎಂದ ಮೇಲೆ ಇದನ್ನೂ ಹೇಳಬೇಕು.

ಕೈ ಮುರಿಯುವುದು ದೇವರ ಕೆಲಸ. ನನ್ನಿಂದ ಆಗುವ ಕೆಲಸವನ್ನು ನಾನು ಮಾಡಿದೆ.

ನಂಜುಂಡನ ಗೋಣಿತಾಟಿನ ಆಚೆಯಿಂದ ಒಮ್ಮೊಮ್ಮೆ ಗಾಟು ಹೊಗೆ ಬರುತ್ತಿತ್ತು. ನನಗೆ ಅದು ಏನೆಂದು ಚೆನ್ನಾಗಿ ಗೊತ್ತಿತ್ತು. ಅವನು ಕಾದ ಕತ್ತಿಯನ್ನು ನೀರಿಗೆ ಬದಲು ಹೊಂಗೆ ಎಣ್ಣೆಗೆ ಅದ್ದುತ್ತಿದ್ದ. ಅಪ್ಪನೂ ದಪ್ಪ ಕತ್ತಿಗೆ ಹಾಗೇ ಮಾಡುತ್ತಿದ್ದ. ಒಂದು ಬೆಳಿಗ್ಗೆ ಕಾಯಿ ಮಂಡಿಯ ಟೀ ಅಂಗಡಿಯಲ್ಲಿ ಸಿದ್ದಪ್ಪನವರು ಸಿಕ್ಕಿದರು. ದೊಡ್ಡ ತೆಂಗಿನ ತೋಟದವರು, ಮೂರು ಹೊತ್ತು ಲಿಂಗಪೂಜೆ ಮಾಡುವವರು, ಅವರು ಒಂದು ಮಾತು ಅಂದರೆ ಮಂಡಿಯಲ್ಲಿ ನೂರು ಜನ ಅನ್ನುವಂಥವರು. ನಂಜುಂಡನ ಮಚ್ಚನ್ನು ಅವರು ಹೊಗಳಿದರು. ನನ್ನೆದುರೇ ಹೊಗಳಿದರು.

"ಮಚ್ಚು ಚೆನ್ನಾಗೇನೋ ಐತೆ ಯಜಮಾನ್ರೇ" ಎಂದೆ. "ಆದ್ರೆ ಪೂಜೆ ಕಾಯಿಗೆ ಮುಟ್ಟಿಸ್ಬೇಡಿ."

"ಯಾಕ್ಲಾ?"

"ಆ ವಾಸನೆ ಯಾವುದು ಅಂದ್ಕಂಡಿದೀರಿ? ಹಂದಿ ಕೊಬ್ಬಲ್ಲಿ ಹದ ಹಾಕ್ತಾನೆ. ತಾಟು ಯಾಕೆ ಕಟ್ಟವ್ನೆ ಮತ್ತೆ?"

ಸಿದ್ದಪ್ಪನವರು ಟೀ ಲೋಟ ಕೆಳಗಿಟ್ಟರು. ಕುಡಿಯದೆ ಎದ್ದುಹೋದರು. ನಾನು ಹೇಳಿದ್ದು ಅಷ್ಟೇ, ಒಂದೇ ಸಲ, ಒಬ್ಬರಿಗೇ. ಎರಡನೆಯ ಸಲ ಹೇಳುವ ಅಗತ್ಯವೇ ಬೀಳಲಿಲ್ಲ. ತಿಂಗಳೊಳಗೆ ತೋಟದ ಮನೆಗಳಲ್ಲಿ ನಂಜುಂಡನ ಮಚ್ಚುಗಳು ದನದ ಕೊಟ್ಟಿಗೆ ಸೇರಿದವು. ಕೆಲವರು ಅವನ ಜಗಲಿಗೆ ಹೋಗಿ ಎಣ್ಣೆ ಡಬ್ಬ ತರಿಸಿ ಮೂಸಿ ನೋಡಿದರಂತೆ. ಸುಟ್ಟ ಹೊಂಗೆ ಎಣ್ಣೆ ಕಮಟಾಗಿಯೇ ಇರುತ್ತದೆ, ಮೂಸಿದವರ ಅನುಮಾನ ಇನ್ನೂ ಹೆಚ್ಚಾಯಿತು. ನನಗೆ ಆಗ ಸಂತೋಷವಾಯಿತು. ಸುಳ್ಳು ಹೇಳಲಾರೆ, ಒಳ್ಳೆಯ ಊಟ ಮಾಡಿದಷ್ಟು ಸಂತೋಷವಾಯಿತು.

ಹತ್ತಿರದ ಒಂದು ಮಠದ ದಾಸೋಹದ ಅಡುಗೆಮನೆಗೆ ದೊಡ್ಡ ಈಳಿಗೆಗಳನ್ನು ಮಾಡಿಕೊಡುವ ಕೆಲಸ ವರ್ಷಾವರ್ಷ ನಂಜುಂಡನದಾಗಿತ್ತು. ಅದೂ ನನ್ನ ಕಡೆ ಬಂತು. ಹನ್ನೆರಡು ಈಳಿಗೆ ಮಾಡಿ ಕಳಿಸಿದೆ. ಅಡುಗೆಮನೆಯ ಉಸ್ತುವಾರಿ ಮುರುಗಯ್ಯನವರದು. ವಾರ ಕಳೆಯುವಷ್ಟರಲ್ಲಿ ಅವರೇ ಆಟೋದಲ್ಲಿ ಹನ್ನೆರಡನ್ನೂ ಹೇರಿಕೊಂಡು ಬಂದು ನನ್ನ ಶೆಡ್ಡಿನ ಮುಂದೆ ಇಳಿಸಿದರು. ಸಿಹಿಗುಂಬಳ ಕೊಯ್ಯುವಾಗ ಅಲಗಿನ ಚೂರು ಎದ್ದು ಪಲ್ಯದಲ್ಲಿ ಸಿಕ್ಕಿತ್ತು. ಬಡಿಸುವ ಮುಂಚೆ ಕಂಡದ್ದು ಪುಣ್ಯ.

"ನಾಡಿದ್ದು ಹಾಸ್ಟೆಲ್ ಮಕ್ಕಳು, ಊರೋರು ಎಲ್ಲ ಸೇರಿ ದೊಡ್ಡ ಊಟ ಐತೆ" ಎಂದರು ಮುರುಗಯ್ಯನವರು. "ನಾಳೆ ಸಂಜೆಗೆ ಸರಿ ಮಾಡಿ ಕಳಿಸ್ತೀರೋ, ಇಲ್ಲ ಆಗಲ್ಲ ಅಂತೀರೋ. ಆಗಲ್ಲ ಅಂದ್ರೆ ಈಗ್ಲೇ ಹೇಳಿ ಆಚಾರ್ರೇ, ಬೇಜಾರಿಲ್ಲ."

ಬೇಜಾರಿಲ್ಲ ಎಂಬ ಮಾತಿನಷ್ಟು ಅವಮಾನ ಬೇರೆ ಇಲ್ಲ. "ಆಯ್ತು ಅಯ್ನೋರೇ, ಮಾಡ್ತೀನಿ" ಎಂದೆ. ಒಂದನ್ನು ಮತ್ತೆ ಕಾಯಿಸಿ ಹದ ಹಾಕಿ ಸೌದೆಗೆ ಹೊಡೆದೆ, ಚಕ್ಕೆ ಎದ್ದಿತು. ಇನ್ನೊಂದು, ಅದೂ ಅಷ್ಟೇ. ಮೂರನೆಯದು ಬಿರುಕು ಬಿಟ್ಟಿತು. ಅದೊಂದನ್ನು ಬಿಟ್ಟು ಹನ್ನೊಂದನ್ನೂ ಗೋಣಿಚೀಲದಲ್ಲಿ ಸುತ್ತಿ ಹಾರನಹಳ್ಳಿ ಬಸ್ಸು ಹತ್ತಿದೆ. ಬೇರೆ ಯಾರ ಹತ್ತಿರ ಹೋಗಲಿ?

ನಂಜುಂಡ ಜಗಲಿಯ ಮೇಲೆ ಸುಮ್ಮನೆ ಕೂತಿದ್ದ. ಕೆಲಸವಿರಲಿಲ್ಲವಲ್ಲ. ಚೀಲ ಬಿಚ್ಚಿ ಒಂದು ಈಳಿಗೆಯನ್ನು ತೆಗೆದು, ಚಕ್ಕೆ ಎದ್ದ ಜಾಗವನ್ನು ಉಗುರಿನಿಂದ ಮುಟ್ಟಿ ನೋಡಿದ. ಎಲ್ಲಿಂದ ಬಂದವು, ಯಾವಾಗ ಬೇಕು, ಎರಡೇ ಪ್ರಶ್ನೆ ಕೇಳಿದ. ಆಮೇಲೆ ಗೋಣಿತಾಟು ಸರಿಸಿ, "ಬಾ ಒಳಗೆ" ಎಂದ.

ಅಷ್ಟು ವರ್ಷ ನನ್ನ ನಿದ್ದೆ ಕೆಡಿಸಿದ ಕೋಣೆ ಅದು. ಒಳಗೆ ಏನೂ ಇರಲಿಲ್ಲ. ಒಂದು ಒಲೆ, ಕಬ್ಬಿಣ ಬಡಿಯುವ ಒಂದು ಅಡಿಗಲ್ಲು, ಎಣ್ಣೆಯ ಡಬ್ಬ, ಕತ್ತಲು. ಅವನು ತಾಟನ್ನು ಮತ್ತೆ ಇಳಿಬಿಟ್ಟು, ಗಾಳಿ ಊದಿ, ಈಳಿಗೆಯನ್ನು ಕೆಂಡದಲ್ಲಿಟ್ಟ. ಕಬ್ಬಿಣ ಮೆಲ್ಲಗೆ ಬಣ್ಣ ತಿರುಗಿತು. ಮೊದಲು ಮಂಕು, ಆಮೇಲೆ ಹಣ್ಣಾದ ತೊಂಡೆಕಾಯಿಯ ಕೆಂಪು. ಆ ಕೆಂಪನ್ನು ನಾನು ಅಪ್ಪನ ಕೊಟ್ಟಿಗೆ ಬಿಟ್ಟ ಮೇಲೆ ನೋಡಿಯೇ ಇರಲಿಲ್ಲ.

"ಇಷ್ಟೇ ಕಣ್ಲಾ" ಎಂದ ನಂಜುಂಡ. "ಇಲ್ಲಿಗೆ ತೆಗೀಬೇಕು. ನಿನ್ನ ಕುಲುಮೆ ಬಿಸಿಲಲ್ಲಿ ಐತೆ. ಬಿಸಿಲಲ್ಲಿ ಈ ಕೆಂಪು ಕಾಣಾಕಿಲ್ಲ. ಇನ್ನೂ ಕಾದಿಲ್ಲ ಅಂತ ನೀನು ಊದ್ತಾನೇ ಇರ್ತೀಯ. ನೀನು ಕಾಯಿಸ್ತಾ ಇಲ್ಲ, ಸುಡ್ತಾ ಇದೀಯ."

ಗುಟ್ಟು ಎಂದರೆ ಅಷ್ಟೇ. ಗೋಣಿತಾಟು ಕಟ್ಟಿದ್ದು ಜನರಿಂದ ಮುಚ್ಚಿಡಲಿಕ್ಕಲ್ಲ, ಬಿಸಿಲನ್ನು ತಡೆಯಲಿಕ್ಕೆ. ಮೀಟರು ಇಟ್ಟುಕೊಂಡಿರುವ ನೀವು ನಗಬಹುದು. ಮೀಟರು ಕೆಟ್ಟ ದಿನ ನೆರಳಿಗೆ ಹೋಗಿ ನೋಡಿ.

ಅವತ್ತೂ ಮರುದಿನವೂ ನಾವಿಬ್ಬರೂ ಸೇರಿ ಕೆಲಸ ಮಾಡಿದೆವು. ಬಿರುಕು ಬಿಟ್ಟದ್ದರ ಬದಲಿಗೆ ಅವನೇ ಹೊಸದೊಂದನ್ನು ಹೊಡೆದುಕೊಟ್ಟ, ನಾನು ಕಾಯಿಸಿ ಕೆಡಿಸಿದ್ದ ಎರಡಕ್ಕೆ ಎರಡನೆಯ ಸಲ ಸಾಣೆ ಹಿಡಿದ. ಸಂಜೆ ಹನ್ನೆರಡೂ ಮಠ ಸೇರಿದವು. ಅವನ ಕೈ ಹಿಡಿದು ನಿಜ ಹೇಳಿಬಿಡಬೇಕು ಎಂದು ಬಸ್ ಸ್ಟಾಪಿನವರೆಗೂ ಅಂದುಕೊಂಡೆ. ಹೇಳಲಿಲ್ಲ. ಹೇಳಿದರೆ ಮಠದ ಕೆಲಸ ವಾಪಸು ಅವನ ಪಾಲಾಗುತ್ತದೆ ಎಂಬ ಲೆಕ್ಕಾಚಾರ ಒಂದು ಕಡೆ. ಇನ್ನೊಂದು ಕಡೆ, ಆ ಎರಡು ದಿನ ಅವನ ಕೈಕೆಲಸ ಹತ್ತಿರದಿಂದ ನೋಡಿ ನನ್ನ ಹೊಟ್ಟೆಯುರಿ ಇಮ್ಮಡಿಯಾಗಿತ್ತು.

ಗೋಣಿತಾಟು ಕಟ್ಟಿದರೆ ನಂಜುಂಡನನ್ನು ನೋಡಿ ಕಲಿತ ಎಂದು ಜನ ಅನ್ನುತ್ತಾರೆಂದು, ಧೂಳು ಜಾಸ್ತಿ ಎಂಬ ನೆಪ ಹೇಳಿ ಶೆಡ್ಡಿಗೆ ಮೂರು ಕಡೆ ತಗಡು ಹೊಡೆಸಿದೆ. ನನ್ನ ಕತ್ತಿಗಳು ಸುಧಾರಿಸಿದವು. ಮರ ಹತ್ತುವವರು ಒಬ್ಬೊಬ್ಬರೇ ಬಂದರು. ಮಠದ ಕೆಲಸ ನಾನು ಸುತ್ತಿಗೆ ಇಡುವವರೆಗೂ ನನ್ನ ಹತ್ತಿರವೇ ಉಳಿಯಿತು. ನಂಜುಂಡ ಹಾರನಹಳ್ಳಿಯ ಕುಲುಮೆ ಮುಚ್ಚಿ ಬಾಣಾವರಕ್ಕೆ ಹೋಗಿ ವೆಲ್ಡಿಂಗ್ ಅಂಗಡಿ ಇಟ್ಟ. ಈ ಸೀಮೆಯಲ್ಲಿ ಕಬ್ಬಿಣದ ಹದ ಅವನಷ್ಟು ತಿಳಿದವರು ಇರಲಿಲ್ಲ. ಅವನು ಕಿಟಕಿ ಸರಳು, ಗೇಟು ಅಂಟಿಸುತ್ತಾ ಕೂತ.

ಕೆಲಸ ಬಿಟ್ಟ ಮೇಲೆ ಮನುಷ್ಯನಿಗೆ ಯೋಚನೆ ಜಾಸ್ತಿ. ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ರೈಲು ಹತ್ತಿ ಬಾಣಾವರಕ್ಕೆ ಹೋದೆ. ನಂಜುಂಡ ಕಪ್ಪು ಕನ್ನಡಕ ಹಾಕಿಕೊಂಡು ಒಂದು ಗೇಟಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ. ನನ್ನನ್ನು ನೋಡಿ ಸ್ಟೂಲು ತೋರಿಸಿದ. ಕೂರದೆ ಹೇಳಿದೆ.

"ಹಂದಿ ಕೊಬ್ಬು ಅಂತ ಮಾತು ಹುಟ್ಸಿದ್ದು ನಾನೇ ಕಣೋ."

"ಗೊತ್ತು" ಎಂದ.

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಈಳಿಗೆ ತಂದಿದ್ಯಲ್ಲ ಅವತ್ತು, ಆ ಮಾತು ಹುಟ್ಟಿದ್ಮೇಲೆ ನನ್ನ ಹತ್ರ ಬಂದೋರೆಲ್ಲ ಮೊದ್ಲು ಎಣ್ಣೆ ಡಬ್ಬ ಮೂಸೋರು. ನೀನೊಬ್ನೇ ಅದರ ಕಡೆ ತಿರುಗಿ ನೋಡ್ಲಿಲ್ಲ. ಅದ್ರಾಗೆ ಏನೈತೆ ಅಂತ ನಿಂಗೆ ಗೊತ್ತಿತ್ತು."

ನಾನು ಸ್ಟೂಲಿನ ಮೇಲೆ ಕೂತೆ. ಗೊತ್ತಿದ್ದೂ ಯಾಕೆ ಮಾಡಿಕೊಟ್ಟೆ ಎಂದು ಕೇಳಿದೆ.

"ನಿಂಗೋಸ್ಕರ ಅಂದ್ಕಂಡಿದ್ಯಾ? ಉಣ್ಣೋ ಮಕ್ಕಳ ಬಾಯಿಗೆ ಕಬ್ಬಿಣದ ಚೂರು ಹೋಯ್ತದೆ ಅಂತ ಮಾಡ್ದೆ." ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡ. "ನನ್ನ ಹತ್ರ ಹೇಳಿ ಏನ್ ಬಂತು ಈರ. ಮಂಡೀಲಿ ಹೇಳಿದ್ದಲ್ವಾ, ಮಂಡೀಲೇ ಹೋಗಿ ಹೇಳು. ನಾನು ಕತ್ತಿ ಮಾಡೋದು ಮುಗೀತು. ಆದ್ರೆ ಹಂದಿ ಕೊಬ್ಬಿನ ನಂಜುಂಡ ಅನ್ನೋದು ನಾನು ಸತ್ತಮೇಲೂ ಇರೋದು ಬ್ಯಾಡ."

ಕ್ಷಮೆ ಕೇಳಲು ಹೋದವನಿಗೆ ಅದು ಸಿಗಲಿಲ್ಲ, ಒಂದು ಕೆಲಸ ಸಿಕ್ಕಿತು. ಅವನು ಅದನ್ನು ಹೇಳಿದ ರೀತಿಗೂ ನನಗೆ ಅಸೂಯೆಯಾಯಿತು. ನನಗೆ ಯಾರಾದರೂ ಹಾಗೆ ಮಾಡಿದ್ದರೆ ನಾನು ಇಕ್ಕಳ ಎತ್ತಿ ಎಸೆಯುತ್ತಿದ್ದೆ.

ಮರುದಿನ ಬೆಳಿಗ್ಗೆಯೇ ಕಾಯಿ ಮಂಡಿಗೆ ಹೋದೆ. ಸಿದ್ದಪ್ಪನವರಿಗೆ ಈಗ ವಯಸ್ಸಾಗಿದೆ, ಆದರೂ ಟೀ ಅಂಗಡಿಯ ಬೆಂಚು ಬಿಟ್ಟಿಲ್ಲ. ಸುತ್ತ ಐದಾರು ಜನ ತೋಟದವರು ಇದ್ದರು. ನನಗೆ ಬೇಕಾದದ್ದೂ ಅದೇ. ಕೈಮುಗಿದು ಎಲ್ಲರಿಗೂ ಕೇಳುವಂತೆ ಹೇಳಿದೆ.

"ಯಜಮಾನ್ರೇ, ಹಾರನಳ್ಳಿ ನಂಜುಂಡ ಹಂದಿ ಕೊಬ್ಬಲ್ಲಿ ಹದ ಹಾಕ್ತಾನೆ ಅಂತ ನಾನು ಇಲ್ಲೇ ನಿಮಗೆ ಹೇಳಿದ್ದೆ. ಅದು ಸುಳ್ಳು. ಅದು ಹೊಂಗೆ ಎಣ್ಣೆ. ಹೊಟ್ಟೆಕಿಚ್ಚಿಗೆ ಹೇಳ್ದೆ, ತಪ್ಪಾಯ್ತು."

ಸಿದ್ದಪ್ಪನವರು ನನ್ನನ್ನೇ ನೋಡಿದರು. "ನೀನ್ಯಾವಾಗ ಹೇಳ್ದೆ? ನಾನೇ ಕಣ್ಣಾರೆ ನೋಡಿದೀನಿ ಕಣೋ. ಹಾರನಳ್ಳಿಗೆ ಹೋಗಿದ್ದಾಗ, ತಾಟು ಸರಿಸಿ ನೋಡ್ದೆ. ಡಬ್ಬದಲ್ಲಿ ಬೆಳ್ಳಗೆ ಕೊಬ್ಬು ಹೆಪ್ಪುಗಟ್ಟಿತ್ತು."

"ಇಲ್ಲ ಯಜಮಾನ್ರೇ. ನೀವು ನೋಡಿಲ್ಲ. ನಾನು ಹೇಳಿದ್ದು. ನಾನೇ ಹುಟ್ಸಿದ್ದು."

ಮತ್ತೊಮ್ಮೆ ಹೇಳಿದೆ. ನಮ್ಮ ದೇವರ ಮೇಲೆ ಆಣೆ ಇಟ್ಟು ಹೇಳಿದೆ. ಅವರು ಸಿಟ್ಟಾಗಲಿಲ್ಲ. ನನ್ನ ನಡುಗುವ ಕೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದುಕೊಂಡು, ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಉಳಿದವರ ಕಡೆ ತಿರುಗಿದರು.

"ನೋಡ್ರಪ್ಪ ಈ ಆಚಾರಿ ದೊಡ್ಡತನನ. ಜೊತೇಲಿ ಕೆಲ್ಸ ಕಲ್ತೋನ ಮಾನ ಉಳಿಸ್ಬೇಕು ಅಂತ ಅವನ ಪಾಪಾನ ತನ್ನ ತಲೆ ಮೇಲೆ ಹಾಕ್ಕಳಾಕೆ ಬಂದವ್ನೆ."

ಅಲ್ಲಿದ್ದವರೆಲ್ಲ ನನ್ನನ್ನು ಗೌರವದಿಂದ ನೋಡಿದರು. ಒಬ್ಬರು ನನಗೂ ಒಂದು ಟೀ ಹೇಳಿದರು.